ಮನ್ಯಾಗ ಪುಸ್ತಕ ಇಲ್ಲದ ಹುಡುಗಗ ಕಡ್ಡಾಯನ ಬೇಕು

ಹೈಸ್ಕೂಲ್ ಮುಗಿಯೂತನಕ, ನಮ್ಮ ಕಡೆ ಲೆಕ್ಕ ಹಿಡದ್ರ ಎಂಟನೇ ಕ್ಲಾಸಿಂದ ಸೆಕೆಂಡ್ ಪಿಯುಸಿ ತನಕ, ಸಾಹಿತ್ಯ ಕಡ್ಡಾಯ ಇರಬೇಕೋ ಬ್ಯಾಡೋ ಅನ್ನೂ ವಾದ ಎದ್ದಾಗೆಲ್ಲ ನಾ ಇರಬೇಕು ಅನ್ನೂ ಮಂದಿ ಕಡೆ. ಆದ್ರ ಇರಬೇಕು ಅನ್ನಾವ್ರು ಕೊಡೂ ಕಾರಣ ಅದಾವಲ್ಲ, ಸಂಸ್ಕಾರ ಬರ್ತೈತಿ, ಭಾಷಾ ಉಳೀತೈತಿ, ಮನಸ್ಸು ಅರಳ್ತೈತಿ ಅಂತ, ಅವೆಲ್ಲ ಸಮಾರಂಭದ ಭಾಷಣಕ್ಕ ಛಲೋ. ನನ್ನ ಕಾರಣ ಸಣ್ಣದು. ಮನ್ಯಾಗ ಪುಸ್ತಕ ಇರೂ ಹುಡುಗ ಕಡ್ಡಾಯ ಇರ್ಲಿ ಬಿಡ್ಲಿ ಓದ್ತಾನ, ಪುಸ್ತಕ ಇಲ್ಲದ ಮನಿ ಹುಡುಗಗ ಸಾಲಿ ಓದಸಲಿಲ್ಲಂದ್ರ ಮತ್ಯಾರೂ ಓದಸಂಗಿಲ್ಲ.

ನಾ ಮುಧೋಳ ಕಡೆಯಾಂವ್ರಿ, ಬಾಗಲಕೋಟಿ ಜಿಲ್ಲಾ. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಆಮ್ಯಾಲೆ ಸೈನ್ಸ್, ಆಮ್ಯಾಲೆ ಇಂಜಿನಿಯರಿಂಗ್, ಆಮ್ಯಾಲೆ ಎಲ್ಲಾರಂಗ ಬೆಂಗಳೂರು, ಈಗ ಭಾಳ ವರ್ಷದಿಂದ ಇಂಗ್ಲಂಡಿನ ಮಿಲ್ಟನ್ ಕೀನ್ಸ್ ಅನ್ನೂ ಊರಾಗ ಅದೀನಿ. ನಮ್ಮ ಮನ್ಯಾಗ ಪುಸ್ತಕ ಅಂದ್ರ ಪಂಚಾಂಗ, ಸೊಸೈಟಿ ಪಾಸ್‌ಬುಕ್ಕು, ಶ್ರಾವಣದಾಗ ಗುಡಿಯೊಳಗ ಓದೂ ಪುರಾಣದ ಒಂದು ಹರಕ ಪ್ರತಿ, ಅಷ್ಟ. ಕಥಿ ಅನ್ನೂದನ್ನ ನಾ ಮೊದ್ಲ ಓದಿದ್ದ ಪಠ್ಯಪುಸ್ತಕದಾಗ. ಹೊಸಾ ಬುಕ್ ಕೈಗೆ ಬಂದ ವಾರದಾಗ ಕನ್ನಡ ಬುಕ್ಕಿನ ಗದ್ಯಭಾಗ ಪೂರಾ ಓದಿ ಮುಗಸ್ತಿದ್ವಿ, ಆಸಕ್ತಿ ಗೀಸಕ್ತಿ ಅಂತೇನಲ್ಲ, ಓದಾಕ ಬ್ಯಾರೆ ಏನೂ ಇರ್ಲಿಲ್ಲ. ಆವಾಗ ನಮ್ಮ ಅಪ್ಪಗ ಯಾರರ, ಸಾಹಿತ್ಯ ಆಪ್ಷನಲ್ ಐತಿ, ಮಗಗ ಕೊಡಸ್ತೀರೇನು ಅಂತ ಕೇಳಿದ್ರ ಅಂವ ಬ್ಯಾಡ ಅಂತಿದ್ದ. ಅದರಾಗ ಅಂವನ ತಪ್ಪೇನಿಲ್ಲ, ಕಬ್ಬಿನ ಬಿಲ್ ಯಾವಾಗ ಬರ್ತೈತಿ ಅಂತ ಕಾಯಕೋಂತ ಕುಂದ್ರೂ ಮನ್ಯಾಗ ಯಾರ ಆದ್ರೂ ಹಂಗ ಅಂತಾರ.

ಈಗ ನಮ್ಮ ಮನಿತನದಾಗ ಒಂದ ವಯಸ್ಸಿನ ಹುಡುಗ್ರು ಇಬ್ರು ಅದಾರ. ನನ್ನ ಮಗಳು ಇಲ್ಲೆ ಸರ್ಕಾರಿ ಸಾಲ್ಯಾಗ ಓದಿ ಜಿಸಿಎಸ್‌ಇ ಮುಗಿಸ್ಯಾಳ, ನಮ್ಮ ಎಸ್ಸೆಸ್ಸೆಲ್ಸಿ ಇದ್ದಂಗ ಅದು, 16ಕ್ಕ ಬರೀತಾರ. ಅಣ್ಣನ ಮಗ ಅಕಿ ವಾರಿಗಿಯಾಂವ, ಬಾಗಲಕೋಟ್ಯಾಗ ಪಿಯುಸಿ ಸೈನ್ಸ್. ಇಬ್ರ ಪುಸ್ತಕಾನೂ ನೋಡೂ ಅವಕಾಶ ನನಗ ಸಿಕ್ಕೈತಿ, ಅದಕ್ಕ ಈ ಬರಹ.

ಇಲ್ಲಿ ಪದ್ಧತಿ ಮೊದ್ಲ ಹೇಳ್ತೀನಿ. ಇಂಗ್ಲಿಷ್ ಅನ್ನೂದು ಇಲ್ಲೆ ಎರಡು ಸಬ್ಜೆಕ್ಟು, ಲ್ಯಾಂಗ್ವೇಜ್ ಬ್ಯಾರೆ ಲಿಟರೇಚರ್ ಬ್ಯಾರೆ. ಲಿಟರೇಚರಿನ್ಯಾಗ ಒಂದು ಶೇಕ್ಸ್‌ಪಿಯರ್ ನಾಟಕ, 19ನೇ ಶತಮಾನದ್ದೊಂದು ಕಾದಂಬರಿ, 1914ರಿಂದ ಈಚೇದೊಂದು ನಾಟಕ ಇಲ್ಲಾ ಕಾದಂಬರಿ, ಮ್ಯಾಲೆ ಒಂದು ಕಟ್ಟು ಕವನ. ತುಣುಕಲ್ಲ, ಎಲ್ಲಾ ಪೂರಾ ಓದಬೇಕು. ಪರೀಕ್ಷಾ ಹಾಲಿನ್ಯಾಗ ಪುಸ್ತಕ ಒಯ್ಯಾಂಗಿಲ್ಲ. ಅದೂ ಸಾಲದಂತ, ಹುಡುಗ್ರು ಎಂದೂ ನೋಡಿರದ ಕವನ ಒಂದನ್ನ ಪ್ರಶ್ನೆಪತ್ರಿಕ್ಯಾಗ ಅಚ್ಚು ಹಾಕಿ, ಇದನ್ನ ಓದಿ ನಿನಗೇನು ಅನಸ್ತು, ಯಾಕ ಅನಸ್ತು ಬರಿ ಅಂತಾರ. ಗೈಡ್ ಛಾಪಿಸಾವ್ರಿಗೆ ಅಲ್ಲೆ ಕೆಲಸಿಲ್ಲ.

ಆದ್ರ ಇಲ್ಲೆ ಕಾನೂನಿನ ಪ್ರಕಾರ ಲಿಟರೇಚರ್ ಪರೀಕ್ಷೆ ಕಡ್ಡಾಯ ಅಲ್ಲ, ಇದು ಭಾಳ ಮಂದಿಗೆ ಗೊತ್ತಿಲ್ಲ. ಸರ್ಕಾರ ಸಾಲಿಗಳನ್ನ ಅಳಿಯೂ ಲೆಕ್ಕದಾಗ, ಹುಡುಗ ಎರಡೂ ಪೇಪರ್ ಬರದಿದ್ರ ಇಂಗ್ಲಿಷಿನ ಮಾರ್ಕ್ಸ್ ಡಬಲ್ ಹಿಡೀತಾರ, ಅದಕ್ಕ ಹೆಚ್ಚುಕಮ್ಮಿ ಎಲ್ಲಾ ಸಾಲ್ಯಾವ್ರೂ ಎಲ್ಲಾ ಹುಡುಗ್ರನ್ನೂ ಲಿಟರೇಚರಿಗೆ ಕುಂಡ್ರಸ್ತಾರ. ಅಂದ್ರ ಶೇಕ್ಸ್‌ಪಿಯರ್ ಮ್ಯಾಲಿನ ಪ್ರೀತಿಯಿಂದಲ್ಲ, ಸಾಲಿ ಮಾನ ಉಳಸ್ಕೊಳ್ಳಾಕ. ಮಾರ್ಕ್ಸಿನ ಮುಂದ ಇಲ್ಲಿ ಮಂದೀನೂ ಬಗ್ತಾರ, ನಮ್ಮವ್ರಷ್ಟ ಹಂಗ ಅಂತ ತಿಳ್ಕೋಬ್ಯಾಡ್ರಿ. ಬಾಯಿಪಾಠಾನೂ ಐತಿ. ನನ್ನ ಮಗಳು ಮ್ಯಾಕ್‌ಬೆತ್ ನಾಟಕದ ಸಾಲುಗಳನ್ನ ಸಣ್ಣ ಸಣ್ಣ ಕಾರ್ಡಿನ ಮ್ಯಾಲೆ ಬರದು ಫ್ರಿಜ್ಜಿಗೆ, ಕನ್ನಡಿಗೆ, ಬಚ್ಚಲ ಬಾಗಲಿಗೆಲ್ಲ ಅಂಟಿಸಿದ್ಲು, ಹಲ್ಲುಜ್ಜಕೋಂತ ಅವನ್ನ ಗೊಣಗತಿದ್ಲು, ನಮ್ಮ ಸಾಲ್ಯಾಗ ಮಗ್ಗಿ ಅಂದಂಗ.

ಆದ್ರ ಆ ಸಾಲನ್ನ ಬಾಯಿಪಾಠ ಮಾಡೂದು ಎದಕ್ಕ ಅನ್ನೂದರಾಗ ಫರಕ್ ಐತಿ. ನಾಟಕದಾಗ ಮ್ಯಾಕ್‌ಬೆತ್ ರಾಜನ್ನ ಕೊಂದು ತಾನ ಪಟ್ಟಕ್ಕ ಏರ್ತಾನ, ಆ ಕೊಲಿಗೆ ಖರೇ ಹೊಣಿ ಯಾರು, ಗಂಡನೋ ಹೆಂಡ್ತಿಯೋ ಆ ಮಾಟಗಾತಿಯರೋ ಅನ್ನೂ ಪ್ರಶ್ನೆ ಮ್ಯಾಲೆ ನಮ್ಮ ಮನ್ಯಾಗ ಊಟಕ್ಕ ಕುಂತಾಗ ಜಗಳಾನ ಆಗೇತಿ. ನಮ್ಮ ಮನಿಯಾಕಿ ಗಂಡಂದ ತಪ್ಪು, ಹೆಂಡ್ತಿ ಹೇಳಿದ್ಲಂತ ಕೊಲಿ ಮಾಡ್ತಾರೇನು ಅಂದ್ರ, ಮಗಳು ಇಲ್ಲಮ್ಮಾ ಇಬ್ರೂ ಕೂಡೇ ಮಾಡ್ಯಾರ ಅಂತ ಪುಸ್ತಕ ತಂದು ತೋರಸ್ತಿದ್ಲು. ಮಾಸ್ತರು ಇಂಥಾದ್ದ ಉತ್ತರ ಬರೀಬೇಕು ಅಂತ ಹೇಳಿಲ್ಲ. ಯಾರ ಕಡೆ ಬೇಕಾದ್ರೂ ನಿಂದ್ರು, ಆದ್ರ ನಾಟಕದೊಳಗಿಂದ ಸಾಕ್ಷಿ ತಂದು ನಿಂದ್ರು ಅಂದಾರ. ಕಾರ್ಡಿನ ಮ್ಯಾಲಿನ ಸಾಲುಗಳು ಆ ಸಾಕ್ಷಿ.

ಹೋದ ವರ್ಷ ಅಣ್ಣನ ಮಗನ ಫಸ್ಟ್ ಪಿಯುಸಿ ಕನ್ನಡ ಬುಕ್ಕಿನ್ಯಾಗ ಮೊದಲನೇ ಪಾಠಾನ ನಮ್ಮ ಮುಧೋಳದ ಹಳಗನ್ನಡ ಕವಿ ರನ್ನಂದು. ಯುದ್ಧ ಹೆಚ್ಚುಕಮ್ಮಿ ಮುಗದ ಮ್ಯಾಲೆ ದುರ್ಯೋಧನ ರಣರಂಗದಾಗ ಅಡ್ಡಾಡಕೋಂತ ಸತ್ತವ್ರನ್ನ ನೋಡಿ ಅಳೂ ಭಾಗ. ನನಗ ಫಟ್ಟಂತ ಹೊಳೀತು, ಅರೇ ಇಬ್ರೂ ಹುಡುಗ್ರು ಒಂದ ಥರದ ರಾಜನ್ನ ಓದಾಕತ್ತಾರಲ್ಲ, ತನ್ನ ಹಟಕ್ಕ ತಾನ ಹಾಳಾದಾಂವ. ವಿಡಿಯೋ ಕಾಲಿನ್ಯಾಗ ಇಬ್ರನ್ನೂ ಕುಂಡ್ರಿಸಿ, ತಮ್ಮಾ, ನಿಮ್ಮ ದುರ್ಯೋಧನ ಛಲೋ ಮನಶಾನೋ ಕೆಟ್ಟಾಂವನೋ ಹೇಳು ನೋಡೂನು ಅಂದೆ. ಅಂವ ಒಂದು ನಿಮಿಷ ನನ್ನ ಮಾರಿ ನೋಡಿದ. ‘ಕಾಕಾ, ಅದು ಕ್ವಶ್ಚನ್ ಪೇಪರಿನ್ಯಾಗ ಬರಂಗಿಲ್ಲ’ ಅಂದ.

ಬಿಡಲಿಲ್ಲ ನಾ. ಬರಂಗಿಲ್ಲ ಇರ್ಲಿ, ನಿನಗೇನ್ ಅನಸ್ತೈತಿ ಹೇಳು ಅಂದೆ. ಸ್ವಲ್ಪ ಹೊತ್ತು ಬಿಟ್ಟು, ಅಭಿಮನ್ಯು ಹೆಣ ನೋಡಿ ಅಂವನ ಶೌರ್ಯ ಹೊಗಳ್ತಾನ ಕಾಕಾ, ವೈರಿ ಮಗನ್ನ ಹಂಗ ಹೊಗಳಾಕ ಎದಿ ಬೇಕು, ಪೂರಾ ಕೆಟ್ಟಾಂವ ಇರಲಿಕ್ಕಿಲ್ಲ ಅಂದ. ನೋಡ್ರಿ, ಹುಡುಗನ ಕಡೆ ಎಲ್ಲಾ ಐತಿ, ಹಳಗನ್ನಡದ ಪದ್ಯಾನೂ ತಿಳದೈತಿ. ಯಾರೂ ಕೇಳಿಲ್ಲ ಅಷ್ಟ. ಆಮ್ಯಾಲೆ ಬುಕ್ ಕ್ಯಾಮೆರಾ ಮುಂದ ಹಿಡಿ ಅಂದೆ. ಪುಟದ ಅಂಚಿನ್ಯಾಗ ಪೆನ್ಸಿಲಿಲೆ ಬರದಿದ್ದ: ಸಂದರ್ಭ, 3 ಮಾರ್ಕ್ಸ್. ಕೆಳಗ ಇಂಪಾರ್ಟಂಟ್ ಅಂತ ಮೂರು ಸಲ ಗೆರಿ. ಮಗಳ ನಾಟಕದ ಪುಸ್ತಕದ ಅಂಚಿನ್ಯಾಗೂ ಪೆನ್ಸಿಲಿನ ಗೀಚಾಟ ಐತಿ, ಅಕಿ ಬರದದ್ದು ಇವ್ನು ಸುಳ್ಳ ಹೇಳಾಕತ್ತಾನ, ಇದನ್ನ ಮೊದ್ಲ ಯಾಕ ಹೇಳಲಿಲ್ಲ, ಇಂಥಾವು.

ಇನ್ನ ನಮ್ಮ ಕಡೆ ಲೆಕ್ಕ ನೋಡೂನು. ಕಾಗದದ ಮ್ಯಾಲೆ ನೋಡಿದ್ರ ಜಗತ್ತಿನ್ಯಾಗ ನಮ್ಮಷ್ಟು ಭಾಷಾ-ಸಾಹಿತ್ಯ ಕಡ್ಡಾಯ ಮಾಡಿದಾವ್ರು ಕಡಿಮಿ. ಎಸ್ಸೆಸ್ಸೆಲ್ಸಿ 625ರಾಗ ಫಸ್ಟ್ ಲ್ಯಾಂಗ್ವೇಜ್ 125, ಉಳಿದವು ಎರಡು ಸೇರಿ 200, ಅಂದ್ರ 325 ಮಾರ್ಕ್ಸ್ ಭಾಷಾದ್ದ. ಅರ್ಧಕ್ಕಿಂತ ಹೆಚ್ಚು! ಪಿಯುಸಿಯೊಳಗ ಸೈನ್ಸ್ ಇರ್ಲಿ ಕಾಮರ್ಸ್ ಇರ್ಲಿ 600ಕ್ಕ 200 ಭಾಷಾಕ್ಕ. ಇಲ್ಲೆ ಇಂಗ್ಲಂಡಿನ್ಯಾಗ 16 ದಾಟಿದ ಮ್ಯಾಲೆ ಎ-ಲೆವೆಲ್ ಅಂತ ಬರ್ತೈತಿ, ಸಾಮಾನ್ಯ ಮೂರ ಸಬ್ಜೆಕ್ಟು ಆರಿಸ್ಕೊಂಡ್ರ ಮುಗೀತು. ನನ್ನ ಮಗಳು ಮ್ಯಾಥ್ಸ್, ಫಿಸಿಕ್ಸ್, ಕೆಮಿಸ್ಟ್ರಿ ತಗೊಂಡ್ಳು, ಅಲ್ಲಿಗೆ ಸಾಹಿತ್ಯದ ಸಹವಾಸ ಖಲಾಸ್. ಫ್ರಾನ್ಸಿನ್ಯಾಗ ಹಂಗಿಲ್ಲ, ಲೀಸೇ ಅನ್ನೂ ಹೈಸ್ಕೂಲಿನ ಕಡೀ ವರ್ಷದ ಹಿಂದಿನ ವರ್ಷ ಫ್ರೆಂಚ್ ಸಾಹಿತ್ಯದ ಬರಿಯೂ ಪರೀಕ್ಷೆನೂ ಬಾಯಿ ಪರೀಕ್ಷೆನೂ ಎರಡೂ ಇರ್ತಾವು, ಕಡೀ ವರ್ಷಕ್ಕ ತತ್ವಶಾಸ್ತ್ರ. ಅಮೆರಿಕದಾಗೂ ಭಾಳ ರಾಜ್ಯದಾಗ ಹೈಸ್ಕೂಲಿನ ನಾಲ್ಕೂ ವರ್ಷ ಇಂಗ್ಲಿಷ್ ಇರಾಕಬೇಕು. ಇಷ್ಟು ಎಳೇ ವಯಸ್ಸಿಗೆ ಬಿಡಾಕ ಕೊಡೂದು ಇಂಗ್ಲಂಡಿನ ವಿಚಿತ್ರ. ಪ್ರಧಾನಿ ಇದ್ದಾಗ ಋಷಿ ಸುನಕ್ 2023ರಾಗ, 18ರ ತನಕ ಎಲ್ಲಾರೂ ಗಣಿತ ಮತ್ತ ಇಂಗ್ಲಿಷ್ ಓದಬೇಕು ಅಂತ ಹೊಸ ಪದ್ಧತಿ ಘೋಷಣಾ ಮಾಡಿದ್ರು, 2024ರಾಗ ಸರ್ಕಾರ ಬದಲಾತು, ಅದು ಅಲ್ಲೇ ಕೈಬಿಟ್ಟು ಹೋತು. ಎ-ಲೆವೆಲಿನ್ಯಾಗ ಇಂಗ್ಲಿಷ್ ಸಾಹಿತ್ಯ ತಗೊಳ್ಳಾವ್ರು ಹತ್ತು ಹದಿನೈದು ವರ್ಷದ ಹಿಂದ ಇದ್ದಷ್ಟು ಈಗಿಲ್ಲ. ತಾವ ಆರಿಸ್ಕೊಳ್ಳಿ ಅಂತ ಬಿಟ್ರ ಹುಡುಗ್ರು ಪ್ರೀತಿಯಿಂದ ಬರ್ತಾರ ಅನ್ನಾವ್ರು ಇದನ್ನ ಒಂದಿಷ್ಟು ನೋಡಬೇಕು.

ಹಂಗಾದ್ರ ನಾವ ಗೆದ್ವಿ? ಇಲ್ಲ. ಆ 325ರೊಳಗ ಏನೈತಿ ಅಂತ ಬಿಚ್ಚಿ ನೋಡಿದ್ರ ಗೊತ್ತಾಗ್ತೈತಿ. ಕವಿ ಪರಿಚಯ ಬರೀರಿ: ಸ್ಥಳ, ಕಾಲ, ಕೃತಿ, ಬಿರುದು. ಈ ಮಾತನ್ನ ಯಾರು ಯಾರಿಗೆ ಹೇಳಿದರು. ಪದ್ಯ ಪೂರ್ಣಗೊಳಿಸಿ. ಗಾದಿ ವಿಸ್ತರಿಸಿ. ಪತ್ರ ಬರೀರಿ. ಜನವರಿ ಬಂತಂದ್ರ ಪಾಸಿಂಗ್ ಪ್ಯಾಕೇಜ್ ಅಂತ ಝೆರಾಕ್ಸ್ ಕಟ್ಟು ಬರ್ತೈತಿ, ಇಷ್ಟು ಮಾಡಿದ್ರ ಪಾಸ್, ಇಷ್ಟು ಮಾಡಿದ್ರ ನೂರರ ಮ್ಯಾಲೆ. ಹೋಳಿಗಿ ತಿನ್ನದ, ಹೂರಣಕ್ಕ ಎಷ್ಟು ಬೆಲ್ಲ ಹಾಕ್ಯಾರ ಅಂತ ಬಾಯಿಪಾಠ ಮಾಡಿದಂಗ ಆತು ಇದು. ಮುಧೋಳದ ಹುಡುಗಗೂ ರನ್ನ ಅಂದ್ರ ನಾಕು ಪಾಯಿಂಟು. ಹತ್ತನೇ ಶತಮಾನ, ಬಳೆಗಾರರ ಮನಿತನ, ಚಾಲುಕ್ಯರ ಆಸ್ಥಾನ, ಕವಿಚಕ್ರವರ್ತಿ. ನಮ್ಮ ಊರಾಗ ರನ್ನನ ಹೆಸರಿಲೆ ಏನೇನ ಅದಾವು, ವರ್ಷಾ ವರ್ಷಾ ಭಾಷಣ ಆಗ್ತಾವು, ಆದ್ರ ಅಂವ ಬರದದ್ದನ್ನ ಒಂದು ಹತ್ತು ಪದ್ಯ ಕೂಡೇ ಓದಿ ಮಾತಾಡಿದ್ದು ನಾ ಊರಾಗ ಇದ್ದಾಗ ಕಂಡಿಲ್ಲ.

ಇನ್ನೊಂದು ತಮಾಷಿ ಐತಿ. ಕಡ್ಡಾಯ ಅಂದ ತಕ್ಷಣ ನಮ್ಮ ಮಂದಿ ಸಂದಿ ಹುಡಕ್ತಾರ. ಫಸ್ಟ್ ಲ್ಯಾಂಗ್ವೇಜ್ ಸಂಸ್ಕೃತ ಕೊಡಸ್ರಿ, ಉತ್ತರಾ ಕನ್ನಡದಾಗ ಇಲ್ಲಾ ಇಂಗ್ಲಿಷಿನ್ಯಾಗ ಬರದ್ರೂ ನಡೀತೈತಿ, 125ಕ್ಕ 125 ಬರ್ತೈತಿ ಅಂತ. ಸಂಸ್ಕೃತದ ಮ್ಯಾಲೆ ನನಗ ಸಿಟ್ಟೇನಿಲ್ಲ, ಖರೇ ಓದಾವ್ರು ಓದ್ಲಿ, ಆದ್ರ ಒಂದು ಸಾಹಿತ್ಯಾನ ಅದು ಸ್ಕೋರಿಂಗ್ ಅನ್ನೂ ಕಾರಣಕ್ಕ ಆರಿಸ್ಕೊಂಡು, ಆ ಭಾಷಾದಾಗ ಒಂದು ಪುಟಾನೂ ಬರೀದ ಔಟ್ ಆಫ್ ಔಟ್ ತಗೊಂಡು ಬರೂದಂದ್ರ ಆ ಭಾಷಾಕ್ಕ ಅಪಮಾನ, ಕನ್ನಡಕ್ಕಲ್ಲ.

ಪಿಯುಸಿ ಕಥಿ ಇದಕ್ಕಿಂತ ಬ್ಯಾರೆ. ಅಲ್ಲಿ ಪುಸ್ತಕ ಕೆಟ್ಟಿಲ್ಲ, ಖರೇ ಹೇಳ್ತೀನಿ, ನನಗ ಆಶ್ಚರ್ಯ ಆತು. ಫಸ್ಟ್ ಪಿಯುಸಿಗೆ ಒಂದು ಪೂರಾ ನಾಟಕ ಇಟ್ಟಾರ, ಅದೂ ನಮ್ಮ ಬೆಳಗಾವಿ ಜಿಲ್ಲಾ ಘೋಡಗೇರಿಯ ಚಂದ್ರಶೇಖರ ಕಂಬಾರರದ್ದು. ನಮ್ಮ ಸೀಮಿ ಹುಡುಗ ಹತ್ತು ವರ್ಷ ಸಾಲಿ ಕಲ್ತ ಮ್ಯಾಲೆ ನಮ್ಮ ಸೀಮಿಯಾವ್ರದ್ದ ಒಂದು ಪೂರಾ ನಾಟಕ ಕೈಯಾಗ ಸಿಗೂದು ಸಣ್ಣ ಮಾತಲ್ಲ. ಆದ್ರ ಓದಾವ್ರು ಯಾರು? ಸಿಇಟಿಗೆ ಪಿಸಿಎಂ ಮಾರ್ಕ್ಸ್ ಅಷ್ಟ ಹಿಡೀತಾರ, ನೀಟಿಗೆ ಬೋರ್ಡ್ ಮಾರ್ಕ್ಸಿನ ಗೊಡವೀನ ಇಲ್ಲ. ಭಾಷಾದ 200 ಮಾರ್ಕ್ಸ್ ಪರ್ಸೆಂಟೇಜ್ ಕಾರ್ಡಿನ ಮ್ಯಾಲೆ ಛಂದ ಕಾಣಾಕ, ರ್‍ಯಾಂಕಿಗಲ್ಲ. ಅಣ್ಣನ ಮಗ ಹೋಗೂ ಕಾಲೇಜಿನ್ಯಾಗ, ಹೆಸರು ಬ್ಯಾಡ, ಎಲ್ಲಾ ಕಡೆ ಇದ ಹಾಡು, ಟೈಂಟೇಬಲ್ಲಿನ್ಯಾಗ ಕನ್ನಡ ಅಂತ ಐತಿ, ಆ ಪಿರಿಯಡ್ಡಿನ್ಯಾಗ ಫಿಸಿಕ್ಸ್ ಡೌಟ್ ಕ್ಲಾಸ್ ನಡೀತೈತಿ. ಕನ್ನಡದ ಲೆಕ್ಚರರು ವರ್ಷದ ಕೊನೀಗೆ ಬಂದು ಒಂದ ತಾಸಿನ್ಯಾಗ ಎರಡೆರಡು ಪಾಠ ಓಡಸ್ತಾರ. ಆ ನಾಟಕ ಹೆಂಗಿತ್ತೋ ಅಂತ ಕೇಳಿದ್ರ, ಕಾಕಾ ಕಥಾಸಾರ ಯೂಟ್ಯೂಬಿನ್ಯಾಗ ನೋಡೀನಿ ಅಂದ.

ಇದನ್ನ ನೋಡಿ ನಮ್ಮ ಅಣ್ಣ ಏನಂತಾನ ಅಂದ್ರ, ಹೆಂಗೂ ಓದಂಗಿಲ್ಲ, ಮತ್ಯಾಕ ಇಡಬೇಕು, ತಗದ ಬಿಡ್ರಿ, ಹುಡುಗ್ರಿಗೆ ಎರಡು ತಾಸು ನಿದ್ದಿ ಸಿಗ್ತೈತಿ. ಅಣ್ಣನ ಮಾತಿನ್ಯಾಗ ಹುರುಳಿಲ್ಲಂತ ನಾ ಅನ್ನಂಗಿಲ್ಲ. ಆದ್ರ ತಗದ್ರ ಏನಾಗ್ತೈತಿ ಅಂತ ಅಂವ ಯೋಚನಾ ಮಾಡಿಲ್ಲ. ಕಾಲೇಜಿನ್ಯಾಗ ವರ್ಕ್‌ಲೋಡ್ ಇದ್ರ ಪೋಸ್ಟು, ವರ್ಕ್‌ಲೋಡ್ ಇಲ್ಲಂದ್ರ ಪೋಸ್ಟ್ ಇಲ್ಲ. ಆರ್ಟ್ಸಿನ್ಯಾಗ ಐಚ್ಛಿಕ ಕನ್ನಡ ಅಂತ ಒಂದು ಸಬ್ಜೆಕ್ಟ್ ಐತಿ, ನಿಮ್ಮ ತಾಲೂಕಿನ ಎಷ್ಟು ಕಾಲೇಜಿನ್ಯಾಗ ಸಿಗ್ತೈತಿ ಒಮ್ಮೆ ವಿಚಾರಿಸಿ ನೋಡ್ರಿ. ಆಪ್ಷನಲ್ ಮಾಡಿದ ದಿನ ಬೆಂಗಳೂರಿನ ದೊಡ್ಡ ಸಾಲ್ಯಾಗ ಲಿಟರೇಚರ್ ಆಪ್ಷನ್ ಇರ್ತೈತಿ, ಅದಕ್ಕ ಒಳ್ಳೇ ಟೀಚರೂ ಇರ್ತಾರ, ಲೋಕಾಪುರದಾಗ, ಬೀಳಗಿಯೊಳಗ, ಇಂಡಿಯೊಳಗ ಆ ಆಪ್ಷನ್ ಬೋರ್ಡಿನ ಮ್ಯಾಲೂ ಇರಂಗಿಲ್ಲ. ಕಡ್ಡಾಯ ಅನ್ನೂದು ಹುಡುಗನ ಮ್ಯಾಲಷ್ಟ ಅಲ್ರಿ, ಸರ್ಕಾರದ ಮ್ಯಾಲೂ ಕಡ್ಡಾಯ. ಮಾಸ್ತರನ್ನ ಕೊಡಲೇಬೇಕು, ಪುಸ್ತಕ ಕೊಡಲೇಬೇಕು.

ಒತ್ತಾಯ ಮಾಡಿದ್ರ ಸಾಹಿತ್ಯದ ಮ್ಯಾಲೆ ಹೇವರಿಕಿ ಬರ್ತೈತಿ ಅನ್ನೂದು ಇನ್ನೊಂದು ವಾದ. ಬರ್ತೈತಿ, ಕೆಲವ್ರಿಗೆ ಬರ್ತೈತಿ. ಇಲ್ಲಿ ನನ್ನ ಆಫೀಸಿನ್ಯಾಗ ಒಬ್ಬಂವ ಇದ್ದಾನ, ಸಾಲ್ಯಾಗ ಓದಿಸಿದ ಆ 19ನೇ ಶತಮಾನದ ಕಾದಂಬರಿ ಹೆಸರು ಎತ್ತಿದ್ರ ಇವತ್ತಿಗೂ ಮಾರಿ ಸಿಂಡರಿಸ್ತಾನ. ಆದ್ರ ಆ ಮನಶ್ಯಾ ಅದನ್ನ ಯಾಕ ಸೇರೂದಿಲ್ಲ ಅಂತ ಅರ್ಧಾ ತಾಸು ಮಾತಾಡ್ತಾನ, ಪಾತ್ರಗಳ ಹೆಸರು ಹಿಡದು ಬೈತಾನ. ಪೂರಾ ಓದಿ ಬೈಯಾಂವನ ಬಗ್ಗೆ ನನಗ ಚಿಂತಿ ಇಲ್ಲ. ನಮ್ಮ ಕಡೆ ಹುಡುಗ್ರಿಗೆ ಬೈಯಾಕೂ ಒಂದು ಪುಸ್ತಕ ಸಿಗಂಗಿಲ್ಲ, ಚಿಂತಿ ಅದರದ್ದು.

ಮತ್ತ ನಮ್ಮಲ್ಲೆ ಜಗಳಾ ಯಾವತ್ತೂ ಯಾವ ಭಾಷಾ ಕಡ್ಡಾಯ ಅನ್ನೂದರ ಮ್ಯಾಲ, ಏನು ಓದಸಬೇಕು ಅನ್ನೂದರ ಮ್ಯಾಲಲ್ಲ. 1981ರ ಗೋಕಾಕ ವರದಿ, 82ರ ಚಳವಳಿ, ರಾಜಕುಮಾರ್ ಬೀದಿಗೆ ಇಳದದ್ದು, ನಮ್ಮ ಅಪ್ಪನ ಕಾಲದಾವ್ರು ಇವತ್ತಿಗೂ ಹೇಳ್ತಾರ. ಪ್ರಥಮ ಭಾಷಾ ಯಾವುದು ಅನ್ನೂದು ಆವಾಗ ದೊಡ್ಡ ಪ್ರಶ್ನೆ, ಇರಬೇಕಾದ್ದ. 2015ರಾಗ ಕನ್ನಡ ಕಲಿಕಾ ಕಾಯ್ದೆ ಬಂತು, ಹತ್ತರ ತನಕ ಯಾವುದ ಬೋರ್ಡಿನ ಸಾಲಿ ಇರ್ಲಿ, ಒಂದನೇ ಇಲ್ಲಾ ಎರಡನೇ ಭಾಷಾ ಆಗಿ ಕನ್ನಡ ಇರಬೇಕು ಅಂತ. ಪಕ್ಕದ ಮಹಾರಾಷ್ಟ್ರದಾವ್ರು 2020ರಾಗ ಮರಾಠಿಗೆ ಅಂಥದ್ದ ಕಾಯ್ದೆ ಮಾಡಿದ್ರು. ಎಲ್ಲಾ ಸರಿ. ಆದ್ರ ಕಾಯ್ದೆ ಬಂದ ಮ್ಯಾಲೆ ಆ ಪಿರಿಯಡ್ಡಿನ್ಯಾಗ ಹುಡುಗನ ಮುಂದ ಏನು ಇಡ್ತೀರಿ ಅಂತ ಕೇಳಾಕ ಯಾರೂ ಬೀದಿಗೆ ಇಳ್ಯಾಂಗಿಲ್ಲ. ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆ ಮರಾಠಿ ಮೀಡಿಯಂ ಹುಡುಗ ಎರಡನೇ ಭಾಷಾ ಅಂತ ಕನ್ನಡ ಓದ್ತಾನ. ಅಂವಗ ರಜಾ ಅರ್ಜಿ ಬರಿಯೂದು, ಖಾಲಿ ಬಿಟ್ಟ ಸ್ಥಳ ತುಂಬೂದು ಅಷ್ಟ ಕಲಿಸಿದ್ರ ಕನ್ನಡ ಅಂವಗ ಆಫೀಸಿನ ಭಾಷಾ ಆಗಿ ಉಳೀತೈತಿ. ಒಂದು ನಗೂ ಕಥಿ ಪೂರಾ ಓದಸ್ರಿ, ಅಂವ ಮನಿಗೆ ಹೋಗಿ ಅವರ ಆಯಿಗೆ ಅದನ್ನ ಮರಾಠಿಯೊಳಗ ಹೇಳ್ತಾನ. ಗಡಿ ಜಗಳಕ್ಕ ಇದು ಔಷಧ ಅಂತ ನಾ ಅನ್ನಂಗಿಲ್ಲ, ಆದ್ರ ರಜಾ ಅರ್ಜಿಗಿಂತ ಲೇಸು.

ಇಲ್ಲೆ ಮಗಳ ಕ್ಲಾಸಿನವ್ರನ್ನ ಶೇಕ್ಸ್‌ಪಿಯರ್ ಹುಟ್ಟಿದ ಸ್ಟ್ರಾಟ್‌ಫರ್ಡ್ ಊರಿಗೆ ಕರ್ಕೊಂಡು ಹೋಗಿ ನಾಟಕ ತೋರಿಸಿ ಬಂದ್ರು, ಬಸ್ಸಿನ್ಯಾಗ ಮಧ್ಯಾಹ್ನಕ್ಕ ಹೋಗಿ ರಾತ್ರಿಗೆ ಬಂದ್ಲು, ಬಂದಾಕಿ ಆ ಹೆಂಡ್ತಿ ಪಾತ್ರಧಾರಿ ಕೈ ತೊಳಿಯೂದನ್ನ ಮಾಡಿ ತೋರಿಸಿದ್ಲು. ನಮ್ಮ ಕಡೆ ಇಂಥಾದ್ದಕ್ಕ ಬರಗಾಲ ಐತೇನು? ಬದಾಮಿಗೆ ಟ್ರಿಪ್ ಹೋಗದ ಸಾಲಿ ನಮ್ಮ ಜಿಲ್ಲಾದಾಗ ಇಲ್ಲ. ಗುಹಾ ನೋಡ್ತಾರ, ಮಂಗ್ಯಾಗಳ ಕೂಡ ಜಗಳಾಡ್ತಾರ, ಬನಶಂಕರಿಗೆ ಹೋಗಿ ರೊಟ್ಟಿ ಊಟ ಮಾಡಿ ಬರ್ತಾರ. ಅದ ಬದಾಮಿ ಕೆರಿ ಮ್ಯಾಲಿನ ಬಂಡಿಗಲ್ಲಿನ್ಯಾಗ ಕಪ್ಪೆ ಅರಭಟ್ಟನ ಶಾಸನ ಐತಿ, ಸುಮಾರು ಕ್ರಿ.ಶ. 700ರದ್ದು, ಕನ್ನಡದಾಗ ನಮಗ ಸಿಕ್ಕಿರೂ ಹಳೇ ತ್ರಿಪದಿ ಅದರಾಗ. ಒಳ್ಳೇವ್ರಿಗೆ ಒಳ್ಳೇಂವ, ಕಾಡಿದಾವ್ರಿಗೆ ಕಲಿಯುಗ ವಿಪರೀತ, ಇಂವ ಸಾಕ್ಷಾತ್ ಮಾಧವ ಅಂತ ಒಬ್ಬ ಮನಶ್ಯಾನ ಬಗ್ಗೆ ಕಲ್ಲಿನ್ಯಾಗ ಕೊರದಾರ, ಸಿನಿಮಾ ಹೀರೋ ಎಂಟ್ರಿ ಡೈಲಾಗ್ ಇದ್ದಂಗ ಐತಿ, ಹುಡುಗ್ರಿಗೆ ಅಲ್ಲೇ ನಿಂದ್ರಿಸಿ ಓದಿ ತೋರಿಸಿದ್ರ ಸಿಳ್ಳೆ ಹೊಡೀತಾರ. ಪರೀಕ್ಷ್ಯಾಗ ಮಾತ್ರ ಅದು ‘ತ್ರಿಪದಿಯ ಲಕ್ಷಣ ಬರೆಯಿರಿ’. ಶ್ರೀಕೃಷ್ಣ ಪಾರಿಜಾತದ್ದೂ ಇದ ಹಣೇಬಾರ. ಜಾತ್ರ್ಯಾಗ ಬೆಳತನಕ ಕುಂತು ಕೊರವಂಜಿ ಮಾತಿಗೆ ಬಿದ್ದು ಬಿದ್ದು ನಕ್ಕು ಬಂದ ಹುಡುಗ, ಮರುದಿನ ಕ್ಲಾಸಿನ್ಯಾಗ ಕಣ್ಣು ತಿಕ್ಕೋಂತ ಕುಂತು ‘ಬಯಲಾಟ ಎಂದರೇನು’ ಅನ್ನೂ ಎರಡು ಮಾರ್ಕ್ಸಿನ ಉತ್ತರ ಕಾಪಿ ಮಾಡ್ತಾನ.

ಮಾಸ್ತರನ್ನ ಬೈದು ಕೈ ತೊಳ್ಕೊಳ್ಳೂದು ಸುಲಭ. ನಾ ಬೈಯಾಂಗಿಲ್ಲ, ಯಾಕಂದ್ರ ಈ ಥರಾ ಪ್ರಶ್ನೆ ಯಾಕ ಬರ್ತಾವು ಅನ್ನೂದಕ್ಕ ಕಾರಣ ಐತಿ. ಎಸ್ಸೆಸ್ಸೆಲ್ಸಿ ವರ್ಷಕ್ಕ ಎಂಟು ಲಕ್ಷದ ಮ್ಯಾಲೆ ಹುಡುಗ್ರು ಬರೀತಾರ. ಏಪ್ರಿಲ್ ಬಿಸಲಾಗ ವ್ಯಾಲ್ಯುಯೇಶನ್ ಸೆಂಟರಿನ್ಯಾಗ ಕುಂತ ಮಾಸ್ತರ ಕೈಯಾಗ ಕೀ ಉತ್ತರ ಇರಬೇಕು, ಬಾಗಲಕೋಟ್ಯಾಗ ಮೂರು ಮಾರ್ಕ್ಸ್ ಬಿದ್ದ ಉತ್ತರಕ್ಕ ಕೋಲಾರದಾಗೂ ಮೂರ ಬೀಳಬೇಕು. ದುರ್ಯೋಧನ ಕೆಟ್ಟಾಂವೇನು ಅಂತ ಕೇಳಿದ್ರ ಕೀ ಉತ್ತರ ಹೆಂಗ ಬರೀತೀರಿ? ರಿಸಲ್ಟ್ ಬಂದ ಮ್ಯಾಲೆ ಉತ್ತರಪತ್ರಿಕಿ ಸ್ಕ್ಯಾನ್ ಕಾಪಿ ತರಿಸ್ಕೊಂಡು ಅರ್ಧಾ ಮಾರ್ಕ್ಸಿಗೆ ಅರ್ಜಿ ಹಾಕೂ ತಂದಿ-ತಾಯಿ ಬ್ಯಾರೆ. ಇಂಗ್ಲಂಡಿನ್ಯಾಗ ಪಾಯಿಂಟ್ ಎಣಸೂದಿಲ್ಲ, ವಾದ ಎಷ್ಟು ಗಟ್ಟಿ ಐತಿ ಅಂತ ಲೆವೆಲ್ ಮಾಡಿ ಮಾರ್ಕ್ಸ್ ಹಾಕ್ತಾರ, ಅದಕ್ಕ ಎಕ್ಸಾಮಿನರಿಗೆ ಮೊದ್ಲ ಟ್ರೇನಿಂಗ್ ಕೊಡ್ತಾರ, ಅಷ್ಟಾದ್ರೂ ಇಲ್ಲಿ ತಂದಿ-ತಾಯಿನೂ ಪ್ರತಿ ವರ್ಷ ರೀಮಾರ್ಕ್ ಅಂತ ಜಗಳಾ ಮಾಡ್ತಾರ. ನಮ್ಮ ಬೋರ್ಡ್ ಪರೀಕ್ಷೆನ ನಾಳಿ ಬೆಳಿಗ್ಗೆ ಹಿಂಗ ಬದಲಿ ಮಾಡ್ರಿ ಅಂದ್ರ ಅದು ಆಗೂ ಮಾತಲ್ಲ.

ಅದಕ್ಕ ನಾ ಬೋರ್ಡ್ ಪರೀಕ್ಷೆ ಮುಟ್ಟೂದ ಬ್ಯಾಡ ಅಂತೀನಿ. ಎಸ್ಸೆಸ್ಸೆಲ್ಸಿ ಫಸ್ಟ್ ಲ್ಯಾಂಗ್ವೇಜಿನ 125ರಾಗ 25 ಇಂಟರ್ನಲ್ ಐತಿ. ಪಿಯುಸಿಗೂ 2023-24ರಿಂದ 20 ಇಂಟರ್ನಲ್ ಮಾಡ್ಯಾರ. ಈ ಮಾರ್ಕ್ಸ್ ಹೆಂಗ ಬೀಳ್ತಾವು ಅನ್ನೂದು ಎಲ್ಲಾರಿಗೂ ಗೊತ್ತಿದ್ದ ವಿಷಯ, ಗೂಗಲ್‌ನಿಂದ ಕವಿ ಫೋಟೋ ಪ್ರಿಂಟ್ ತಗದು, ಕೆಳಗ ನಾಕು ಸಾಲು ಸ್ಕೆಚ್ ಪೆನ್ನಿಲೆ ಬರದು, ಸ್ಪೈರಲ್ ಬೈಂಡ್ ಮಾಡಿಸಿದ್ರ 24 ಗ್ಯಾರಂಟಿ. ಆ ಮಾರ್ಕ್ಸನ್ನ ಒಂದು ಪೂರಾ ಪುಸ್ತಕಕ್ಕ ಇಡ್ರಿ. ಎಂಟಕ್ಕೊಂದು, ಒಂಬತ್ತಕ್ಕೊಂದು, ಹತ್ತಕ್ಕೊಂದು, ಪಿಯುಸಿ ಎರಡು ವರ್ಷಕ್ಕ ಎರಡು. ಸಣ್ಣ ಕಾದಂಬರಿ, ನಾಟಕ, ಕಥಾಸಂಕಲನ, ಯಾವುದ ಆಗ್ಲಿ, ನೂರು ನೂರೈವತ್ತು ಪುಟ ಸಾಕು. ಪುಸ್ತಕ ಯಾವುದಂತ ಸಾಲ್ಯಾವ್ರ ಆರಿಸ್ಲಿ, ಬೆಂಗಳೂರಿನವ್ರಲ್ಲ. ಮಾಸ್ತರು ಹುಡುಗನ್ನ ಮುಂದ ಕುಂಡ್ರಿಸ್ಕೊಂಡು ಐದು ನಿಮಿಷ ಮಾತಾಡ್ಲಿ, ಇವ್ನು ಯಾಕ ಹಿಂಗ ಮಾಡಿದ, ನೀ ಆಗಿದ್ರ ಏನ್ ಮಾಡ್ತಿದ್ದಿ. ಓದಿದಾಂವ ಯಾರು ಯೂಟ್ಯೂಬ್ ನೋಡಿದಾಂವ ಯಾರು ಅಂತ ಗುರುತು ಹಿಡ್ಯಾಕ ಮಾಸ್ತರಿಗೆ ಅಷ್ಟು ಹೊತ್ತು ಸಾಕು. ಇದಕ್ಕ ಕೀ ಉತ್ತರ ಬ್ಯಾಡ, ಮರುಮೌಲ್ಯಮಾಪನ ಬ್ಯಾಡ, ಕೋಲಾರದ ಕೂಡ ಹೋಲಿಕಿನೂ ಬ್ಯಾಡ. ಹೆಂಗೂ ಎಲ್ಲಾರಿಗೂ 24 ಹಾಕ್ತೀರಿ, ಓದಿಸಿ ಹಾಕ್ರಿ.

ಪುಸ್ತಕ ಎಲ್ಲಿಂದ ತರೂದು ಅಂದ್ರ, ಗ್ರಾಮ ಪಂಚಾಯತಿ ಲೈಬ್ರರಿ ಅದಾವು, ಈಗ ಅರಿವು ಕೇಂದ್ರ ಅಂತ ಹೆಸರಿಟ್ಟಾರ, ರಾಜ್ಯದ ತುಂಬ ಸಾವಿರಗಟ್ಟಲೆ. 2020ರಾಗ ಕೊರೊನಾ ಟೈಮಿನ್ಯಾಗ ಓದುವ ಬೆಳಕು ಅಂತ ಕಾರ್ಯಕ್ರಮ ತಗದು ಸಾಲಿ ಹುಡುಗ್ರನ್ನ ಪುಕ್ಕಟೆ ಮೆಂಬರ್ ಮಾಡ್ಕೊಂಡ್ರು. ಒಂದ ಪುಸ್ತಕದ ಮೂವತ್ತು ನಲವತ್ತು ಪ್ರತಿ ಇಟ್ರ ಸುತ್ತಲಿನ ಮೂರು ಸಾಲಿಗೆ ಪಾಳಿ ಪ್ರಕಾರ ತಿರುಗಿಸಬಹುದು. ನಮ್ಮಂಥ ಹೊರಗಿರಾವ್ರು ಊರಿಗೆ ಬಂದಾಗ ಸಾಲಿಗೆ ಗೋಡಿ ಗಡಿಯಾರ, ಸ್ಟೀಲ್ ಕಪಾಟು ಕೊಟ್ಟು ಅದರ ಮ್ಯಾಲೆ ಹೆಸರು ಬರಸ್ತೀವಲ್ಲ, ಆ ರೊಕ್ಕಕ್ಕ ಇಷ್ಟು ಪುಸ್ತಕ ಆರಾಮ ಬರ್ತಾವು.

ಹೋದ ಸಲ ಊರಿಗೆ ಹೋದಾಗ ನಾ ಓದಿದ ಹೈಸ್ಕೂಲಿಗೆ ಹೋಗಿ ಹೆಡ್ ಮಾಸ್ತರ್ ಮುಂದ ಇದನ್ನೆಲ್ಲ ಹೇಳಿದೆ. ಛಲೋ ಮನಶ್ಯಾ, ಪೂರಾ ಕೇಳ್ಕೊಂಡ್ರು, ಚಾ ತರಿಸಿದ್ರು. ಪುಸ್ತಕಕ್ಕ ಬ್ಯಾಡ ಅನ್ನಂಗಿಲ್ಲ ಸರ, ಕಳಸ್ರಿ, ನಮ್ಮ ಕನ್ನಡ ಮಾಸ್ತರಿಗೂ ಉಮೇದಿ ಐತಿ ಅಂದ್ರು. ಕನ್ನಡ ಮಾಸ್ತರು ಬಾಗಲ ಹಂತೇಕ ನಿಂತಾವ್ರು ಆಗಲೇ ಎರಡು ಪುಸ್ತಕದ ಹೆಸರೂ ಹೇಳಿದ್ರು, ಒಂದಕ್ಕ ಇನ್ನೊಬ್ಬ ಮಾಸ್ತರು ಅದು ಹುಡುಗ್ರಿಗೆ ಭಾರ ಆಗ್ತೈತಿ ಅಂತ ತಕರಾರ ತಗದ್ರು, ಅಲ್ಲೇ ಒಂದು ಸಣ್ಣ ವಾದ ಸುರುವಾತು, ನನಗಂತೂ ಖುಷಿ ಆತು. ಹೆಡ್ ಮಾಸ್ತರು ಇಬ್ರನ್ನೂ ಕೈಮಾಡಿ ತಡದು ನನ್ನ ಕಡೆ ಹೊಳ್ಳಿ, ‘ಪುಸ್ತಕ ಯಾವುದ ಇರ್ಲಿ ಸರ, ಮಾರ್ಕ್ಸ್ ಎಂಟ್ರಿ ಮಾಡಾಕ ಒಂದು ಫಾರ್ಮ್ಯಾಟ್ ಇದ್ರ ಮೊದ್ಲ ಅದನ್ನ ಕಳಸ್ರಿ, ಬಿಇಓ ಸಾಹೇಬ್ರು ಬಂದಾಗ ತೋರಸಬೇಕಾಗ್ತೈತಿ’ ಅಂದ್ರು. ಫಾರ್ಮ್ಯಾಟ್ ಮಾಡಾಕತ್ತೀನಿ.